ಪುಲ್ಲಿ ಕೂರದಿದ್ದರೆ ಸುತ್ತಿಗೆ ಎತ್ತಬೇಡಿ

ಯಳಂದೂರಿನ ಹತ್ತಿರ, ಸುವರ್ಣಾವತಿ ಬಯಲಲ್ಲಿ ನಮ್ಮದು ಮುಕ್ಕಾಲು ಎಕರೆ ಹಿಪ್ಪುನೇರಳೆ. ಕರೆಂಟು ಕೈಕೊಟ್ಟಾಗ ತೆರೆದ ಬಾವಿಯಿಂದ ನೀರೆತ್ತಲು ಪೀಟರ್ ಮಾದರಿಯ 5 ಎಚ್.ಪಿ. ಹಳೇ ಡೀಸೆಲ್ ಎಂಜಿನ್ ಇದೆ. ಬೆಲ್ಟ್ ಹಾಕಿ ಪಂಪು ತಿರುಗಿಸ್ತೀವಿ. ಹೋದ ಬೇಸಿಗೆಯಲ್ಲಿ ಅದರ ಕ್ರ್ಯಾಂಕ್ ಶಾಫ್ಟ್ ಪುಲ್ಲಿಯ ಅಂಚು ಮುರೀತು. ಹುಳು ನಾಲ್ಕನೇ ಜ್ವರದಿಂದ ಏಳೋ ಹೊತ್ತು. ಆಮೇಲಿನ ಏಳೆಂಟು ದಿನದಲ್ಲೇ ಅದು ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ತಿನ್ನೋದು ಅಂತ ರೇಷ್ಮೆ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ತೋಟ ಬಾಡ್ತಿತ್ತು.

ಆ ಆತುರದಲ್ಲಿ ಅಂಗಡಿಗೆ ಹೋಗಿ, ಅಳತೆ ಏನೂ ಒಯ್ಯದೆ, 'ಪೀಟರಿಗೆ ಆಗೋ ಪುಲ್ಲಿ ಕೊಡಿ' ಅಂದೆ. ಕೊಟ್ಟರು. ಮನೆಗೆ ತಂದು ಶಾಫ್ಟಿಗೆ ಏರಿಸಿದರೆ ಕಾಲು ಭಾಗ ಹೋಗಿ ನಿಂತುಬಿಡ್ತು. ಮರದ ತುಂಡು ಇಟ್ಟು ಹೊಡೆದೆ. ಇನ್ನೊಂದು ಬೆರಳಷ್ಟು ಹೋಯ್ತು, ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪಕ್ಕದ ಹೊಲದವರು 'ಕುದಿಯೋ ನೀರಲ್ಲಿ ಮುಳುಗಿಸಿ ಹಾಕಯ್ಯ, ಹಿಗ್ತದೆ' ಅಂದ್ರು. ಎಳೆಯೋ ಸಾಧನ, ಅದೇ ಪುಲ್ಲರ್ ತಂದು ಕಿತ್ತು, ಅದನ್ನೂ ಮಾಡಿದೆ. ಆಗಲಿಲ್ಲ.

ಯಾಕೆ ಆಗಲಿಲ್ಲ ಅನ್ನೋದು ಕೊಳ್ಳೇಗಾಲದ ಲೇತಿನವರು ಮೈಕ್ರೋಮೀಟರ್ ಇಟ್ಟಾಗ ಗೊತ್ತಾಯ್ತು. ನಮ್ಮ ಶಾಫ್ಟು ಒಂದೂವರೆ ಇಂಚಿನದು, ಅಂದರೆ 38.1 ಮಿ.ಮೀ. ಹೊಸ ಪುಲ್ಲಿಯ ತೂತು ಸರಿಯಾಗಿ 38 ಮಿ.ಮೀ. ಕಮ್ಮಿ ಬಿದ್ದದ್ದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ, ಒಂದು ತಲೆಗೂದಲಿನಷ್ಟು! ಬೀಡು ಕಬ್ಬಿಣವನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಇಷ್ಟು ದೊಡ್ಡ ತೂತು ಹಿಗ್ಗೋದು ಸುಮಾರು 0.03 ಮಿ.ಮೀ. ಮಾತ್ರ. ಬೇಕಾದ್ದು ಅದರ ಮೂರು ಪಟ್ಟಿಗಿಂತ ಹೆಚ್ಚು. ಇಂಚಿನ ಎಂಜಿನ್ನಿಗೆ ಮಿಲಿಮೀಟರಿನ ಪುಲ್ಲಿ ತಂದವನಿಗೆ ಬಿಸಿನೀರು ಏನು ಮಾಡೀತು?

ಕೀಲಿಯದ್ದೂ ಇದೇ ಕತೆ. ಶಾಫ್ಟಿನ ಗಾಡಿ 3/8 ಇಂಚು, ಅಂದರೆ ಒಂಬತ್ತೂವರೆ ಮಿ.ಮೀ. ಪುಲ್ಲಿಯ ಗಾಡಿ 10 ಮಿ.ಮೀ. ಅಲ್ಲಿ ಅರ್ಧ ಮಿ.ಮೀ. ಆಟ. ಒಂಟಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ 1500 ಸುತ್ತಿನಲ್ಲಿ ಓಡಿದರೆ ನಿಮಿಷಕ್ಕೆ 750 ಸಲ ಉರಿದು ಗುದ್ದು ಕೊಡ್ತದೆ. ಪ್ರತಿ ಗುದ್ದಿಗೂ ಕೀಲಿ ಅಲ್ಲಾಡಿ ಕೊನೆಗೆ ಶಾಫ್ಟಿನ ಗಾಡಿಯನ್ನೇ ತಿಂದುಹಾಕ್ತದೆ. ಪುಲ್ಲಿ ಹೋದರೆ ಇನ್ನೊಂದು ತರಬಹುದು, ಕ್ರ್ಯಾಂಕ್ ಹೋದರೆ ಎಂಜಿನ್ನೇ ಬಿಚ್ಚಬೇಕು. ಲೇತಿನವರು ಕೆಳಗೆ ಒಂಬತ್ತೂವರೆ, ಮೇಲೆ ಹತ್ತು ಬರೋ ಹಾಗೆ ಮೆಟ್ಟಿಲು ಕೀಲಿ ಮಾಡಿಕೊಟ್ಟರು. ತೂತನ್ನು ಮಾತ್ರ ನೀವು ಎಮರಿ ಕಾಗದದಲ್ಲಿ ಉಜ್ಜೋದಕ್ಕೆ ಹೋಗಬೇಡಿ. ತೂತು ಅಂಡಾಕಾರ ಆಗ್ತದೆ, ಪುಲ್ಲಿ ಓಲಾಡ್ತದೆ. ಬೆಲ್ಟ್ ಕೂರೋ ಕಾಲುವೆಗೆ ಸರಿಯಾಗಿ ನಡು ಹಿಡಿದು ಲೇತಿನಲ್ಲೇ ಕೊರೆಸಬೇಕು.

ನನ್ನ ಸುತ್ತಿಗೆ ಏಟಿಗೆ ಶಾಫ್ಟಿನ ತುದಿ ಅಣಬೆ ಥರ ಅರಳಿತ್ತು. ಅದನ್ನು ಅರದಲ್ಲಿ ತೀಡಿ ಸರಿ ಮಾಡಿದ್ರು. ಒಳಗಿನ ಬೇರಿಂಗಿಗೆ ಎಷ್ಟು ಪೆಟ್ಟು ಬಿದ್ದಿದೆಯೋ, ಈಗಲೂ ಸ್ಟಾರ್ಟ್ ಮಾಡುವಾಗ ಕಿವಿ ಅಲ್ಲೇ ಇರ್ತದೆ. ಶಾಫ್ಟಿನ ತುದಿಯಲ್ಲಿ ಮರೆ ಇದ್ದರೆ ಉದ್ದ ಬೋಲ್ಟು, ದಪ್ಪ ವಾಷರ್ ಹಾಕಿ ತಿರುವಿ ತಿರುವಿ ಪುಲ್ಲಿಯನ್ನು ಏರಿಸಬೇಕು. ಕಾರು, ಜೀಪು ಇಟ್ಟುಕೊಂಡವರಿಗೆ ಒಂದು ಮಾತು: ಅನೇಕ ಗಾಡಿಗಳ ಕ್ರ್ಯಾಂಕ್ ಪುಲ್ಲಿಯಲ್ಲಿ ನಡುವೆ ರಬ್ಬರ್ ಬಳೆ ಇರ್ತದೆ, ನಡುಕ ನುಂಗೋದಕ್ಕೆ. ಅದನ್ನು ಬೆಂಕಿಗೆ ಹಿಡೀಬೇಡಿ, ಅಂಚು ಹಿಡಿದು ಎಳೀಬೇಡಿ.

ಇಷ್ಟಾಗಿ ಪುಲ್ಲಿ ಕೂತಿತು, ಪಂಪು ತಿರುಗಿತು, ಎಂಜಿನ್ ಕರೀ ಹೊಗೆ ಉಗುಳಿತು! ಹಳೇದು 5 ಇಂಚಿನದು, ತಂದದ್ದು 6 ಇಂಚಿನದು. ಪಂಪಿನ ವೇಗ 1.2 ಪಟ್ಟು ಆದರೆ ಅದು ಕೇಳೋ ಶಕ್ತಿ ಸುಮಾರು 1.7 ಪಟ್ಟು, ಯಾಕಂದ್ರೆ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರ್ತದೆ. 5 ಎಚ್.ಪಿ. ಪಾಪ ಎಲ್ಲಿಂದ ತಂದೀತು? ಪಂಪಿನ ಪುಲ್ಲಿಯನ್ನೂ ಅದೇ ಲೆಕ್ಕಕ್ಕೆ ದೊಡ್ಡದು ಹಾಕಿಸಿದೆ. ಹನೂರಿನ ನನ್ನ ಭಾವ ರಾಗಿ ಬಡಿಯೋ ಯಂತ್ರಕ್ಕೂ ಹೀಗೇ ದೊಡ್ಡ ಪುಲ್ಲಿ ಹಾಕಿ ಬೆಲ್ಟ್ ಸುಟ್ಟುಕೊಂಡಿದ್ದ. ಆಗ ನಕ್ಕಿದ್ದೆ.

ಕೊನೆಗೆ ಎರಡು ಪುಲ್ಲಿಯ ಮುಖಕ್ಕೂ ಒಂದೇ ದಾರ ಎಳೆದು ನೋಡಿ. ದಾರ ನಾಲ್ಕು ಕಡೆ ಮುಟ್ಟಬೇಕು. ಬೆಲ್ಟ್ ಕಾಲುವೆಯ ತಳ ಮುಟ್ಟಬಾರದು, ಅದು ಹಿಡಿಯೋದು ಪಕ್ಕದ ಗೋಡೆಯಲ್ಲಿ. ಒಂದು ಗಂಟೆ ಓಡಿಸಿ ನಿಲ್ಲಿಸಿ ಬೋಲ್ಟು ಮತ್ತೆ ಬಿಗಿ ಮಾಡಿ.

ನನಗೆ ಒಟ್ಟು ಐದು ದಿನ ಹೋಯ್ತು. ಸೊಪ್ಪು ಕೊಂಡು ಹಾಕಿದೆ. ಗೂಡು ಹಗುರವಾಗೇ ಬಂತು. ಈಗ ಶಾಫ್ಟು, ಕೀಲಿ, ಪುಲ್ಲಿಯ ಅಳತೆ ಬರೆದ ಚೀಟಿ ಎಂಜಿನ್ ಮನೆಯ ಬಾಗಿಲ ಹಿಂದೆ ಅಂಟಿಸಿದ್ದೀನಿ.