ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿ: ರೈತ ಕುಟುಂಬಕ್ಕೆ ಲಾಭವೆಷ್ಟು?

ವಿಜಯಪುರ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಎರಡನೇ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತಬೇಕು. ಮುಂದಿನ ಬೆಳೆಯೆಲ್ಲ ಭೂಮಿಯಲ್ಲಿ ಉಳಿದ ತೇವದ ಮೇಲೆಯೇ ನಿಂತಿರುತ್ತದೆ. ಇಂಥ ಹದದಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಪಟ್ಟಣದ ಮೆಕ್ಯಾನಿಕ್ ಬರುವವರೆಗೆ ತೇವ ಕಾಯುವುದಿಲ್ಲ. ರಿಪೇರಿಯ ಖರ್ಚು ಕೆಲವು ನೂರು ರೂಪಾಯಿಯಾದರೆ ಬಿತ್ತನೆ ತಡವಾದ ನಷ್ಟ ಅದರ ಎಷ್ಟೋ ಪಾಲು ಆಗಬಹುದು.

ಆದ್ದರಿಂದ, ಎಸ್.ಎಸ್.ಎಲ್.ಸಿ. ಮುಗಿಸಿದ ಮಗನನ್ನು ಟ್ರ್ಯಾಕ್ಟರ್ ರಿಪೇರಿ ಕಲಿಯಲು ಕಳುಹಿಸಬೇಕೆಂದು ಅನೇಕ ರೈತರು ಯೋಚಿಸುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಬೆಳೆಗೆ ಲೆಕ್ಕ ಹಾಕುವಂತೆ ಇದಕ್ಕೂ ಮೊದಲು ಲೆಕ್ಕ ಹಾಕುವುದು ಅವಶ್ಯ. ತರಬೇತಿಗೆ ಹಣ ಮಾತ್ರವಲ್ಲ, ದುಡಿಯುವ ವಯಸ್ಸಿನ ಒಂದೆರಡು ವರ್ಷವೂ ಖರ್ಚಾಗುತ್ತದೆ.

ಇರುವ ಅನುಕೂಲಗಳು

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಮೆಕ್ಯಾನಿಕ್ ಟ್ರ್ಯಾಕ್ಟರ್ ಎಂಬ ಒಂದು ವರ್ಷದ ವೃತ್ತಿ ಶಿಕ್ಷಣವಿದೆ. ಕೃಷಿ ಯಂತ್ರೋಪಕರಣಗಳ ಮೆಕ್ಯಾನಿಕ್ ತರಬೇತಿಯ ಅವಧಿ ಎರಡು ವರ್ಷ. ಎರಡಕ್ಕೂ ಹತ್ತನೇ ತರಗತಿ ಪಾಸಾಗಿರಬೇಕು. ಹೆಣ್ಣುಮಕ್ಕಳೂ ಸೇರಬಹುದು. ಪಾಸಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಎಲ್ಲ ಐ.ಟಿ.ಐ.ಗಳಲ್ಲಿಯೂ ಈ ವಿಭಾಗಗಳಿರುವುದಿಲ್ಲವಾದ್ದರಿಂದ ಅರ್ಜಿ ಹಾಕುವ ಮೊದಲು ವಿಚಾರಿಸಬೇಕು.

ತರಬೇತಿ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆ ಅಥವಾ ವರ್ಕ್‌ಷಾಪಿನಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ಐ.ಟಿ.ಐ. ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂ. ಭತ್ಯೆ ಎಂದು 2019ರ ನಿಯಮ ತಿದ್ದುಪಡಿಯಲ್ಲಿ ನಿಗದಿಯಾಯಿತು.

ಇಷ್ಟು ದೀರ್ಘ ಕಲಿಕೆ ಬೇಡವೆನ್ನುವವರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಅಲ್ಲಿ ರೈತರಿಗೆ ಹಾಗೂ ಗ್ರಾಮೀಣ ಯುವಕರಿಗೆ ಯಂತ್ರಗಳ ಆಯ್ಕೆ, ಬಳಕೆ ಮತ್ತು ನಿರ್ವಹಣೆ ಕುರಿತು ಅಲ್ಪಾವಧಿ ತರಬೇತಿಗಳು ನಡೆಯುತ್ತವೆ.

ಖರ್ಚಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತಿಳಿಸಲು ಮಾತ್ರ. ಓದುಗರು ತಮ್ಮ ಊರಿನ ಕೂಲಿ ಮತ್ತು ದರಗಳನ್ನು ಹಾಕಿ ತಾಳೆ ನೋಡಬೇಕು. ಹುಡುಗ ಮನೆಯಲ್ಲಿಯೇ ಇದ್ದರೆ ವರ್ಷಕ್ಕೆ 200 ದಿನ, ದಿನಕ್ಕೆ 500 ರೂ.ನಂತೆ ದುಡಿಯುತ್ತಾನೆ ಎಂದು ಭಾವಿಸಲಾಗಿದೆ.

1. ಶುಲ್ಕ, ಪುಸ್ತಕ, ಸಮವಸ್ತ್ರ: 8,000 ರೂ.
2. ಬಸ್ಸು ಮತ್ತು ಊಟದ ಹೆಚ್ಚುವರಿ ಖರ್ಚು: 27,000 ರೂ.
3. ಒಂದು ವರ್ಷ ಬಿಟ್ಟುಹೋದ ದುಡಿಮೆ: 1,00,000 ರೂ.
4. ಅಪ್ರೆಂಟಿಸ್ ವರ್ಷದಲ್ಲಿ 84,000 ರೂ. ಭತ್ಯೆ ಬಂದರೂ ದುಡಿಮೆಯಲ್ಲಿ ಬೀಳುವ ಕೊರತೆ: 16,000 ರೂ.
5. ಆ ವರ್ಷದ ಕೋಣೆ ಬಾಡಿಗೆ, ಊಟ: 24,000 ರೂ.

ಒಟ್ಟು 1,75,000 ರೂ. ಇದರಲ್ಲಿ ಮೂರನೇ ಬಾಬನ್ನು ಅನೇಕರು ಮರೆಯುತ್ತಾರೆ. ಶುಲ್ಕ ಕಡಿಮೆ ಎಂದ ಮಾತ್ರಕ್ಕೆ ತರಬೇತಿ ಅಗ್ಗವೆಂದು ತಿಳಿಯಬಾರದು. ಸಾಲ ಮಾಡಿ ಓದಿಸಿದರೆ ಬಡ್ಡಿಯನ್ನೂ ಇದಕ್ಕೆ ಸೇರಿಸಬೇಕು.

ಆದಾಯದ ಮೂರು ದಾರಿಗಳು

ಮೊದಲನೆಯದು ಪಟ್ಟಣದ ವರ್ಕ್‌ಷಾಪಿನ ನೌಕರಿ. ತಿಂಗಳಿಗೆ 15,000 ರೂ. ಸಂಬಳವಾದರೆ ವರ್ಷಕ್ಕೆ 1,80,000 ರೂ. ಇದರಲ್ಲಿ ಮನೆಯ ದುಡಿಮೆ 1,00,000 ರೂ. ಹಾಗೂ ಪಟ್ಟಣದ ಹೆಚ್ಚುವರಿ ಖರ್ಚು 30,000 ರೂ. ಕಳೆದರೆ 50,000 ರೂ. ಉಳಿಯುತ್ತದೆ. ಹಾಕಿದ ಬಂಡವಾಳ ಮೂರೂವರೆ ವರ್ಷದಲ್ಲಿ ಮರಳುತ್ತದೆ. ಆದರೆ ಹೊಲಕ್ಕೆ ಒಬ್ಬ ಆಳು ಕಡಿಮೆಯಾಗುತ್ತಾನೆ.

ಎರಡನೆಯದು ಊರಿನಲ್ಲಿಯೇ ಇದ್ದು, ಬೇಸಾಯದ ಜೊತೆಗೆ ರಿಪೇರಿ ಮಾಡುವುದು. ಇದಕ್ಕೆ ಸ್ವಂತ ಸಲಕರಣೆಗಳಿಗೆ 40,000 ರೂ. ಸೇರಿ ಬಂಡವಾಳ 2,15,000 ರೂ. ಆಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ 20 ಟ್ರ್ಯಾಕ್ಟರುಗಳು ಕೈಗೆ ಸಿಕ್ಕರೆ, ಒಂದೊಂದಕ್ಕೆ ವರ್ಷಕ್ಕೆ ಎರಡು ಸರ್ವಿಸ್‌ನಂತೆ 40 ಸರ್ವಿಸ್. ತಲಾ 800 ರೂ. ಕೂಲಿಯಂತೆ 32,000 ರೂ. ಬರುತ್ತದೆ. 25 ರಿಪೇರಿಗಳಿಂದ ತಲಾ 1,000 ರೂ.ನಂತೆ 25,000 ರೂ. ಸ್ವಂತ ಟ್ರ್ಯಾಕ್ಟರಿನ ರಿಪೇರಿ ಕೂಲಿಯಲ್ಲಿ 16,000 ರೂ. ಉಳಿತಾಯ. ಒಟ್ಟು 73,000 ರೂ. ಇದಕ್ಕೆ ಹೋಗುವ 75 ದಿನಗಳ ಕೂಲಿ 37,500 ರೂ. ಮತ್ತು ಓಡಾಟದ ಪೆಟ್ರೋಲು 5,500 ರೂ. ಕಳೆದರೆ ನಿವ್ವಳ 30,000 ರೂ. ಬಂಡವಾಳ ಮರಳಲು ಏಳು ವರ್ಷಕ್ಕೂ ಮೇಲಾಗುತ್ತದೆ. ಅದೇ 40 ಟ್ರ್ಯಾಕ್ಟರುಗಳು ಸಿಕ್ಕರೆ ನಿವ್ವಳ 49,000 ರೂ. ಆಗಿ, ನಾಲ್ಕೂವರೆ ವರ್ಷದೊಳಗೆ ಬಂಡವಾಳ ಕೈ ಸೇರುತ್ತದೆ. ಆದರೆ ಆಗ 140 ದಿನ ರಿಪೇರಿಗೇ ಹೋಗುವುದರಿಂದ ಹೊಲದ ಕೆಲಸಕ್ಕೆ ಬೇರೆ ಆಳು ನೋಡಿಕೊಳ್ಳಬೇಕು.

ಮೂರನೆಯದು ಮನೆಯ ಒಂದೇ ಟ್ರ್ಯಾಕ್ಟರಿಗಾಗಿ ಕಲಿಯುವುದು. ಉಳಿತಾಯ 16,000 ರೂ.ಗಳಲ್ಲಿ ಹತ್ತು ದಿನದ ಕೂಲಿ ಕಳೆದರೆ 11,000 ರೂ. ಮಾತ್ರ. ಈ ಲೆಕ್ಕದಲ್ಲಿ ಬಂಡವಾಳ ಮರಳಲು 19 ವರ್ಷಕ್ಕೂ ಮೇಲೆ ಬೇಕು. ಟ್ರ್ಯಾಕ್ಟರಿನ ಆಯುಷ್ಯವನ್ನೇ ಸಾಮಾನ್ಯವಾಗಿ 10 ವರ್ಷ ಅಥವಾ 10,000 ಗಂಟೆ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ಕಲಿಕೆಯ ಖರ್ಚು ತೀರುವ ಮೊದಲೇ ಟ್ರ್ಯಾಕ್ಟರು ಮುದಿಯಾಗಿರುತ್ತದೆ.

ಲೆಕ್ಕದಿಂದ ತಿಳಿಯುವುದೇನು?

ಈ ವಿದ್ಯೆಯ ಆದಾಯ ಪ್ರಮಾಣಪತ್ರದಿಂದ ಬರುವುದಿಲ್ಲ, ಕೈಗೆ ಸಿಗುವ ಯಂತ್ರಗಳ ಸಂಖ್ಯೆಯಿಂದ ಬರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯಂತೆ ಭತ್ತದ ಬೇಸಾಯ ದಟ್ಟವಾಗಿದ್ದು, ಟ್ರ್ಯಾಕ್ಟರು, ಕಟಾವು ಯಂತ್ರಗಳು ಹೆಚ್ಚಾಗಿ ಓಡಾಡುವಲ್ಲಿ ಊರಿನ ಮೆಕ್ಯಾನಿಕನಿಗೆ ಕೆಲಸ ಸಿಗುತ್ತದೆ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಬಹುದು. ವರ್ಷಕ್ಕೆ ಒಂದೇ ಬೆಳೆ ತೆಗೆಯುವ, ಯಂತ್ರಗಳು ವಿರಳವಾಗಿರುವ ಖುಷ್ಕಿ ಪ್ರದೇಶದಲ್ಲಿ ಮೊದಲನೆಯ ದಾರಿಯೇ ಹೆಚ್ಚು ಭದ್ರ.

ಅಪ್ರೆಂಟಿಸ್ ವರ್ಷವನ್ನು ತಪ್ಪಿಸಿದರೆ 40,000 ರೂ. ಉಳಿಯುತ್ತದೆಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಎಂಜಿನ್ನಿನ ಸದ್ದು ಕೇಳಿ ದೋಷ ಹೇಳುವ ಅಭ್ಯಾಸ ಹತ್ತಾರು ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಮೇಲೆಯೇ ಬರುತ್ತದೆ. ಒಮ್ಮೆ ಕೆಲಸ ಕೆಡಿಸಿದ ಮೆಕ್ಯಾನಿಕನ ಬಳಿಗೆ ರೈತ ಎರಡನೇ ಸಲ ಹೋಗುವುದಿಲ್ಲ. ಓದು ಮುಂದುವರಿಸುವ ಆಸೆಯುಳ್ಳವರಿಗೆ ಎರಡು ವರ್ಷದ ತರಬೇತಿ ಮೇಲು. ಅದನ್ನು ಪಾಸಾದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ.

ಒಂದೇ ಟ್ರ್ಯಾಕ್ಟರಿರುವವರು ಮಾಡಬೇಕಾದ್ದು

ಇಂಥವರಿಗೆ ಅಲ್ಪಾವಧಿ ತರಬೇತಿ ಮತ್ತು ದಿನನಿತ್ಯದ ಆರೈಕೆ ಸಾಕು. ಹದದ ದಿನಗಳಲ್ಲಿ ಟ್ರ್ಯಾಕ್ಟರು ಕೈ ಕೊಡುವುದು ಬಹಳ ಸಲ ಸಣ್ಣ ಅಲಕ್ಷ್ಯದಿಂದಲೇ.

* ಪ್ರತಿದಿನ ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಚಕ್ರದ ಗಾಳಿ ನೋಡಬೇಕು. ಗ್ರೀಸ್ ಹಾಕಬೇಕು.
* ಧೂಳಿನಲ್ಲಿ ಕೆಲಸವಿದ್ದಾಗ ಏರ್ ಕ್ಲೀನರನ್ನು ದಿನವೂ ಪರೀಕ್ಷಿಸಬೇಕು. ಒಳಹೋದ ಧೂಳು ಪಿಸ್ಟನ್ನು, ರಿಂಗುಗಳನ್ನು ಸವೆಸುತ್ತದೆ.
* ಡೀಸೆಲನ್ನು ಸೋಸಿ ತುಂಬಬೇಕು. ಫಿಲ್ಟರಿನಲ್ಲಿ ಸೇರಿದ ನೀರನ್ನು ಆಗಾಗ್ಗೆ ಇಳಿಸಬೇಕು.
* ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ದಿನದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.
* ಬಿತ್ತನೆಗೆ ಒಂದು ತಿಂಗಳು ಮೊದಲೇ ದೊಡ್ಡ ರಿಪೇರಿ ಮುಗಿಸಿ, ಫ್ಯಾನ್ ಬೆಲ್ಟ್, ಫಿಲ್ಟರುಗಳಂಥ ಬಿಡಿ ಭಾಗಗಳನ್ನು ಮನೆಯಲ್ಲಿಟ್ಟುಕೊಳ್ಳಬೇಕು.

ಸೇರುವ ಮೊದಲು

ಮಗನನ್ನು ಸೇರಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಸುತ್ತಲಿನ ಐದಾರು ಹಳ್ಳಿಗಳ ಟ್ರ್ಯಾಕ್ಟರು, ಪವರ್ ಟಿಲ್ಲರುಗಳನ್ನು ಎಣಿಸಬೇಕು. ಈಗ ಅವುಗಳ ರಿಪೇರಿ ಎಲ್ಲಿ ಆಗುತ್ತಿದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಈ ಎಣಿಕೆಗೆ ನೆರವಾದರೆ ಒಂದು ಊರಿನ ನಾಲ್ಕು ಹುಡುಗರು ಒಟ್ಟಿಗೆ ಇದೇ ಕೆಲಸ ಕಲಿತು, ಇದ್ದ ಸ್ವಲ್ಪ ಗಿರಾಕಿಯನ್ನು ಹಂಚಿಕೊಂಡು ಸೊರಗುವುದು ತಪ್ಪುತ್ತದೆ. ಕೊನೆಯದಾಗಿ ಹುಡುಗನನ್ನೇ ಕೇಳಬೇಕು. ಗ್ರೀಸ್ ಮೆತ್ತಿದ ಕೈಗೆ ಬೇಸರ ಪಡದವನು ಮಾತ್ರ ಈ ವಿದ್ಯೆಯಿಂದ ಹಾಕಿದ ಹಣ ತೆಗೆದಾನು.