ಕಂಪನವೂ ಬದನೆಯ ಫಲವೂ

ವಸ್ತುವೊಂದು ತನ್ನ ನೆಲೆಯ ಅತ್ತಿತ್ತ ಬೇಗಬೇಗನೆ ಹೋಗಿಬರುವುದಕ್ಕೆ ಕಂಪನವೆಂದು ಹೆಸರು. ಭೂಮಿಗಾದರೆ ಭೂಕಂಪ, ಚಳಿಜ್ವರದ ಮೈಗಾದರೆ ನಡುಕ, ಗಾಡಿ ಹಾಯ್ದಾಗ ಸೇತುವೆ ಅದುರುವುದು, ಮೀಟಿದ ತಂತಿ ಕಂಪಿಸಿ ನಾದಗೈಯುವುದು. ಪರಿಮಳವೆಂಬರ್ಥದ ‘ಕಂಪು’ ಅಚ್ಚಗನ್ನಡದ ಬೇರೆ ಮಾತು; ಅದಕ್ಕೂ ಇದಕ್ಕೂ ನಂಟಿಲ್ಲ.

ಬೇಸಾಯಗಾರರು ಮುಖ್ಯವಾಗಿ ಅರಿಯತಕ್ಕ ಕಂಪನವು ಬದನೆಯ ಹೂವಿನಲ್ಲಿ ನಡೆಯುವಂಥದು. ಈ ಹೂವಿನ ಪರಾಗಕೋಶಗಳು ಉದ್ದಕ್ಕೆ ಸೀಳಿ ತೆರೆಯುವುದಿಲ್ಲ. ತುದಿಯಲ್ಲಿ ಸಣ್ಣ ರಂಧ್ರಗಳು ಮಾತ್ರ ಇರುವುವು. ದೊಡ್ಡ ಕರಿದುಂಬಿಯು ಹೂವನ್ನು ಕಾಲುಗಳಿಂದ ಅಪ್ಪಿಹಿಡಿದು, ರೆಕ್ಕೆ ಬೀಸದೆಯೇ ಎದೆಯ ಸ್ನಾಯುಗಳನ್ನು ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಅದುರಿಸುವುದು. ಆಗ ಜರಡಿಯಿಂದ ಹಿಟ್ಟು ಉದುರುವಂತೆ ಪರಾಗವು ಉದುರುವುದು. ತುಡುವೆಜೇನಿಗೆ ಈ ವಿದ್ಯೆ ಬಾರದು. ಆದುದರಿಂದ ಜೇನುಪೆಟ್ಟಿಗೆಯನ್ನಿಟ್ಟ ಮಾತ್ರಕ್ಕೆ ಬದನೆಗೆ ಪೂರ್ಣ ಪ್ರಯೋಜನವಾಗದು. ಗಾಳಿಯ ಅಲುಗಾಟದಿಂದಲೂ ಕೆಲಮಟ್ಟಿಗೆ ಕಾಯಿ ಕಟ್ಟುವುದುಂಟು.

ದುಂಬಿಯು ಒಣಮರದಲ್ಲಿಯೂ ಬಿದಿರ ಗಳುಗಳಲ್ಲಿಯೂ ಗೂಡು ಮಾಡುವುದು. ಬೇಲಿಯ ಹಳೆಯ ಬಿದಿರನ್ನೆಲ್ಲ ಸುಟ್ಟು, ಹೂಬಿಟ್ಟ ಗಿಡಗಳಿಗೆ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸಿದವರು, ಫಸಲು ಕುಗ್ಗಿದಾಗ ಗೊಬ್ಬರವನ್ನು ದೂರುವುದು ನ್ಯಾಯವಲ್ಲ. ಸಿಂಪಡಿಸಲೇಬೇಕಾದಲ್ಲಿ, ದುಂಬಿಗಳು ಗೂಡಿಗೆ ಮರಳಿದ ಬಳಿಕ ಸಂಜೆಯಲ್ಲಿ ಸಿಂಪಡಿಸತಕ್ಕದ್ದು. ಒಂದೆರಡು ಒಣಗಳುಗಳನ್ನು ಬೇಲಿಯಲ್ಲಿಯೇ ಉಳಿಸತಕ್ಕದ್ದು.