ಗುಜರಾತಿನಿಂದ ನೇಪಾಳಕ್ಕೆ ಬೈಕು: ಹೊರಡುವ ಮೊದಲಿನ ಪಾಠಗಳು

ನಕ್ಷೆ ಬಿಡಿಸಿದರೆ ಅಹಮದಾಬಾದಿಗೆ ಅತಿ ಹತ್ತಿರದ ಹೊರದೇಶ ಪಾಕಿಸ್ತಾನ. ಒಂದು ಭಾನುವಾರ ಬೆಳಿಗ್ಗೆ ಬೈಕು ಹತ್ತಿದರೆ ಗಡಿಯಂಚಿನ ನಡಾಬೆಟ್‌ನಲ್ಲಿ ಸಂಜೆಯ ಬಿಎಸ್‌ಎಫ್ ಪೆರೇಡು ನೋಡಬಹುದು. ನಮ್ಮ ಪಾಲಿಗೆ ರಸ್ತೆ ಅಲ್ಲಿಗೇ ಮುಗಿಯಿತು. ಹಾಗಾಗಿ ಗುಜರಾತಿನ ಸವಾರನಿಗೆ ಪಕ್ಕದ ದೇಶವೆಂದರೆ ಅರ್ಧ ಭಾರತ ದಾಟಿದ ಮೇಲೆ ಸಿಗುವ ನೇಪಾಳ. ವಡೋದರದಲ್ಲಿ ನೆಲೆಸಿ, ಅಹಮದಾಬಾದು ಮತ್ತು ಸೂರತ್ತಿನ ಕನ್ನಡದ ಗೆಳೆಯರನ್ನು ಕಟ್ಟಿಕೊಂಡು ಈ ದಾರಿ ತುಳಿದವನು ನಾನು. ಹೊರಡುವವರು ಬಂದು ಕೇಳುವುದೆಲ್ಲ ಮುಕ್ತಿನಾಥದ ಬಗ್ಗೆ. ನನಗೆ ಹೇಳಬೇಕೆನಿಸುವುದು ಮಾತ್ರ ಕೋಟಾ, ಕಾನ್ಪುರ, ಆರ್‌ಸಿ ಮತ್ತು ದೀಪಾವಳಿಯ ಬಗ್ಗೆ. ಇಲ್ಲಿಂದ ಹೋಗುವವರ ಪ್ರಯಾಣ ಕೆಡುವುದು ಗಡಿಯ ಆಚೆಗಿಂತ ಈಚೆಯೇ ಹೆಚ್ಚು.

1. ದೇಶ ಆರಿಸುವಾಗ ರಜೆಯನ್ನೂ ಜೇಬನ್ನೂ ಕೇಳಿ

ಭೂತಾನಿನ ಆಸೆ ಎಲ್ಲರಿಗೂ ಇರುತ್ತದೆ. ಆದರೆ 2022ರ ಸೆಪ್ಟೆಂಬರಿನಿಂದ ಭಾರತೀಯರೂ ಅಲ್ಲಿ ತಂಗುವ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಸೂರತ್ತಿನ ಬೈಕಿಂಗ್ ಕ್ವೀನ್ಸ್ ತಂಡದ ಸಾರಿಕಾ ಮೆಹ್ತಾ ಮತ್ತು ಇಬ್ಬರು ಜೊತೆಗಾತಿಯರು 2019ರಲ್ಲಿ ವಾರಾಣಸಿಯಿಂದ ಹೊರಟು ಲಂಡನ್ ಮುಟ್ಟಿದ್ದನ್ನು ಹೇಳಿ, ನಾವೂ ಟಿಬೆಟ್ ಕಡೆ ಹೋಗೋಣ ಎನ್ನುವವರಿದ್ದಾರೆ. ಚೀನಾದೊಳಗೆ ಸ್ವಂತ ಗಾಡಿ ಓಡಿಸಲು ಅಲ್ಲಿನ ಅಧಿಕೃತ ಗೈಡ್ ಜೊತೆಗಿರಲೇಬೇಕು, ತಿಂಗಳುಗಟ್ಟಲೆ ಮೊದಲೇ ಅನುಮತಿ ಬೇಕು. ಅದು ಬೇರೆಯೇ ಮಟ್ಟದ ತಯಾರಿ. ನೌಕರಿಯವರಿಗೆ ನೇಪಾಳ ಸಾಕು: ವೀಸಾ ಇಲ್ಲ, ನಮ್ಮ ಲೈಸೆನ್ಸು ನಡೆಯುತ್ತದೆ, ಗಾಡಿ ಎಡಕ್ಕೇ ಓಡುತ್ತದೆ.

2. ದಿನಗಳನ್ನು ಹಿಂದಿನಿಂದ ಎಣಿಸಿ

ಅಹಮದಾಬಾದಿನಿಂದ ಸುನೌಲಿ ಗಡಿಗೆ 1,500 ಕಿ.ಮೀ.ಗೂ ಹೆಚ್ಚು. ವಡೋದರದವರು ಅದಕ್ಕೆ ನೂರಹತ್ತು, ಸೂರತ್ತಿನವರು ಇನ್ನೂರೈವತ್ತರ ಮೇಲೆ ಸೇರಿಸಿಕೊಳ್ಳಬೇಕು. ದಾರಿ ಸರಳ: ಹಿಮ್ಮತ್‌ನಗರ, ಶಾಮಳಾಜಿ ದಾಟಿ ಉದಯಪುರದವರೆಗೆ ರಾಷ್ಟ್ರೀಯ ಹೆದ್ದಾರಿ 48. ಹುಬ್ಬಳ್ಳಿ, ಬೆಳಗಾವಿಯಲ್ಲಿ ನಾವು ಓಡಾಡಿದ ಅದೇ ಹೆದ್ದಾರಿ. ಆಮೇಲೆ ಹೆದ್ದಾರಿ 27: ಚಿತ್ತೋಡಗಢ, ಕೋಟಾ, ಶಿವಪುರಿ, ಝಾನ್ಸಿ, ಕಾನ್ಪುರ, ಲಖನೌ, ಅಯೋಧ್ಯೆ, ಗೋರಖ್‌ಪುರ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಗಡಿ.

ರಸ್ತೆ ಚೆನ್ನಾಗಿದೆ, ಅದೇ ಅಪಾಯ. ನಾಲ್ಕು ಪಥ ಕಂಡೊಡನೆ ದಿನಕ್ಕೆ 700 ಕಿ.ಮೀ. ಹೊಡೆಯುವ ಹುಮ್ಮಸ್ಸು ಬರುತ್ತದೆ. ಕತ್ತಲಾದ ಮೇಲೆ ಶಿವಪುರಿಯಿಂದಾಚೆ ಹೆದ್ದಾರಿಯ ಮಧ್ಯದಲ್ಲೇ ದನಗಳು ಮಲಗಿರುತ್ತವೆ. ಕಪ್ಪು ಎಮ್ಮೆಗೆ ಹಿಂದೀಪ ಇರುವುದಿಲ್ಲ. 400ರಿಂದ 450 ಕಿ.ಮೀ. ಓಡಿ ಸೂರ್ಯ ಮುಳುಗುವ ಮೊದಲು ಲಾಡ್ಜು ಸೇರುವುದು ನನ್ನ ಲೆಕ್ಕ. ಹಾಗೆಂದರೆ ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಉಳಿದದ್ದಷ್ಟೇ ನೇಪಾಳಕ್ಕೆ. ಎರಡು ವಾರ ರಜೆ ಸಿಗದಿದ್ದರೆ ಬೈಕನ್ನು ರೈಲಿಗೆ ಹಾಕಿ; ಅದರ ಮಾತು ಕೊನೆಯಲ್ಲಿ.

ಒಂದು ಸಣ್ಣ ವಿಷಯ. ವಡೋದರ–ಅಹಮದಾಬಾದು ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ಬಿಡುವುದಿಲ್ಲ. ಫೋನಿನ ನಕ್ಷೆಯನ್ನು ಕಾರಿನ ಲೆಕ್ಕದಲ್ಲಿಟ್ಟರೆ ಅದು ನೇರ ಅಲ್ಲಿಗೇ ಕರೆದೊಯ್ಯುತ್ತದೆ. ಆಣಂದ, ನಡಿಯಾದ್ ಮೇಲಿನ ಹಳೇ ಹೆದ್ದಾರಿಯೇ ನಮ್ಮದು.

3. ಧನ್‌ತೇರಸ್‌ಗೆ ಮೊದಲೇ ಗಾಡಿ ಸಿದ್ಧವಾಗಿರಲಿ

ಗುಜರಾತಿನಲ್ಲಿ ಉದ್ದ ರಜೆ ಸಿಗುವುದು ದೀಪಾವಳಿಗೆ. ನೇಪಾಳದ ಆಕಾಶ ತಿಳಿಯಾಗುವುದೂ ಅದೇ ಸುಮಾರಿಗೆ. ಅಲ್ಲಿಯವರ ದಶೈಂ (ದಸರಾ) ಮುಗಿದು ತಿಹಾರ್ (ದೀಪಾವಳಿ) ನಡೆಯುತ್ತಿರುತ್ತದೆ. ಇಷ್ಟು ಹೊಂದಾಣಿಕೆ ಬೇರೆ ಯಾವ ತಿಂಗಳಲ್ಲೂ ಇಲ್ಲ. ತೊಡಕು ಬೇರೆ: ದೀಪಾವಳಿಗೆ ಶಟರ್ ಎಳೆದರೆ ಇಲ್ಲಿನ ಗ್ಯಾರೇಜು, ಬಿಡಿಭಾಗದ ಅಂಗಡಿಗಳಲ್ಲಿ ಹೆಚ್ಚಿನವು ಲಾಭ ಪಂಚಮಿಗೇ ತೆರೆಯುವುದು. ಹೊರಡುವ ಹಿಂದಿನ ದಿನ ಕ್ಲಚ್ ಕೇಬಲ್ ಹುಡುಕಿದರೆ ಊರಿಡೀ ಬೀಗ. ಹದಿನೈದು ದಿನ ಮೊದಲೇ ಸರ್ವಿಸ್ ಮಾಡಿಸಿ, ಆ ಮೇಲೆ 300 ಕಿ.ಮೀ. ಆದರೂ ಓಡಿಸಿ ನೋಡಿ. ಚೈನು, ಬ್ರೇಕ್ ಪ್ಯಾಡು, ಟಯರು ಈ ಮೂರರಲ್ಲಿ ಜಿಪುಣತನ ಬೇಡ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಸ್ಪೋಕ್ ಚಕ್ರವಾದರೆ ಎರಡು ಟ್ಯೂಬು ಚೀಲದಲ್ಲಿರಲಿ. ನೇಪಾಳದ ಸಣ್ಣ ಪೇಟೆಯಲ್ಲೂ ಪಲ್ಸರ್ ಬಿಚ್ಚಿ ಕೂರುವ ಮೆಕ್ಯಾನಿಕ್ ಸಿಗುತ್ತಾನೆ. ದುಬಾರಿ ಗಾಡಿಯವರಿಗೆ ಆ ಭಾಗ್ಯವಿಲ್ಲ.

ತಿಹಾರಿನಲ್ಲಿ ಭಾಯಿಟೀಕಾ ದಿನ ಗಡಿ ದಾಟುವ ಲೆಕ್ಕ ಇಟ್ಟುಕೊಳ್ಳಬೇಡಿ. ಆ ಕಡೆ ಎಲ್ಲರೂ ಅಕ್ಕತಂಗಿಯರ ಮನೆಯಲ್ಲಿರುತ್ತಾರೆ.

4. ಕಾಗದ ಪತ್ರ: ಗಾಡಿಯ ಹೆಸರು, ನಿಮ್ಮ ಹೆಸರು ಒಂದೇ ಆಗಿರಲಿ

ಇಲ್ಲಿನ ಕನ್ನಡಿಗರಲ್ಲಿ ಹಲವರ ಬೈಕಿಗೆ ಇನ್ನೂ ಕೆಎ ನಂಬರು. ಊರಿನಿಂದ ತಂದದ್ದು, ಅಣ್ಣನ ಹೆಸರಿನಲ್ಲಿರುವುದು, ಬ್ಯಾಂಕಿನ ಸಾಲ ತೀರಿದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಬಿಟ್ಟದ್ದು. ಹೊರರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಯನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಊರಿನ ಆರ್‌ಟಿಒದಿಂದ ಎನ್‌ಒಸಿ ತರಿಸಿ ಇಲ್ಲಿ ಜಿಜೆ ನಂಬರು ಪಡೆಯುವುದರೊಳಗೆ ತಿಂಗಳುಗಳೇ ಕಳೆಯಬಹುದು. ದೀಪಾವಳಿಗೆ ಹೊರಡುವವರು ಬೇಸಿಗೆಯಲ್ಲೇ ಇದನ್ನು ಕೈಗೆತ್ತಿಕೊಳ್ಳಲಿ. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಜೊತೆಗಿರಲಿ.

ಡಿಜಿಲಾಕರ್ ನಮ್ಮ ಪೊಲೀಸರಿಗೆ ಸಾಕು, ಗಡಿಯಾಚೆ ಅಸಲು ಪ್ರತಿಯೇ ಬೇಕು. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಒಯ್ಯಿರಿ, ಆಧಾರ್ ಒಂದನ್ನೇ ನಂಬಬೇಡಿ.

ವಿಮೆಯ ಕಡೆ ಯಾರೂ ನೋಡುವುದಿಲ್ಲ. ನಮ್ಮ ಬೈಕಿನ ಪಾಲಿಸಿ ಭಾರತದೊಳಗೆ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾಗಳಿಗೆ ವ್ಯಾಪ್ತಿ ವಿಸ್ತರಿಸಲು ಐಎಂಟಿ 1 ಎಂಬ ಎಂಡಾರ್ಸ್‌ಮೆಂಟ್ ಇದೆ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಪಾಲಿಸಿಗೆ ಸೇರಿಸುತ್ತಾರೆ. ಏಜೆಂಟರಿಗೇ ಇದು ಗೊತ್ತಿರುವುದು ಅಪರೂಪ. ‘ಅದೆಲ್ಲ ಆಗುತ್ತೆ ಸಾರ್, ಹೋಗಿಬನ್ನಿ’ ಎಂಬ ಬಾಯಿಮಾತು ಬೇಡ, ಬರೆದದ್ದು ಕೈಗೆ ಬರಲಿ.

ಸುನೌಲಿಯ ಕಮಾನು ದಾಟಿದರೆ ಬೇಲಹಿಯಾದಲ್ಲಿ ಭನ್ಸಾರ್ ಕಚೇರಿ, ಅಂದರೆ ಸುಂಕದ ಕಟ್ಟೆ. ಆರ್‌ಸಿ, ಲೈಸೆನ್ಸು, ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು, ಇರುವ ದಿನಗಳಿಗೆ ಹಣ ಕಟ್ಟಿದರೆ ಒಂದು ಚೀಟಿ ಕೊಡುತ್ತಾರೆ. ಅದನ್ನು ಅಲ್ಲೇ ನಿಂತು ಓದಿ. ತಾರೀಖು ವಿಕ್ರಮ ಶಕೆಯದ್ದು: 2025ರ ದೀಪಾವಳಿ ಅವರಿಗೆ 2082ರ ಕಾರ್ತಿಕ, ತಿಂಗಳ ತಾರೀಖೂ ನಮ್ಮದಕ್ಕೆ ಹೊಂದುವುದಿಲ್ಲ. ಕೊನೆಯ ದಿನ ನಮ್ಮ ಲೆಕ್ಕದಲ್ಲಿ ಯಾವುದೆಂದು ಕೌಂಟರಿನಲ್ಲೇ ಕೇಳಿ, ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಳ್ಳಿ. ದಿನ ಮೀರಿದರೆ ದಂಡ. ಒಂದೆರಡು ದಿನ ಹೆಚ್ಚಿಗೇ ಕಟ್ಟಿರುವುದು ಲೇಸು, ಗುಡ್ಡ ಕುಸಿದು ರಸ್ತೆ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ. ಗಡಿಯಾರವನ್ನೂ ಹದಿನೈದು ನಿಮಿಷ ಮುಂದೆ ತಿರುಗಿಸಿ.

5. ಸಪಾಟು ನೆಲದವರು ಘಟ್ಟ ಕಲಿತು ಹೊರಡಿ

ಆಗುಂಬೆಯ ತಿರುವಿನಲ್ಲಿ ಗಾಡಿ ಕಲಿತವರೂ ವಡೋದರದಲ್ಲಿ ಹತ್ತು ವರ್ಷ ಇದ್ದರೆ ಸೊಂಟ ಬಾಗಿಸುವುದನ್ನು ಮರೆಯುತ್ತಾರೆ. ಸೂರತ್ತಿನವರಿಗೆ ಸಾಪುತಾರಾ ಘಾಟಿ ಇದೆ, ಅಹಮದಾಬಾದಿನವರಿಗೆ ಮೌಂಟ್ ಅಬು, ನಮಗೆ ಪಾವಾಗಢದ ಮಾಂಚಿವರೆಗಿನ ಏರು. ಪೂರ್ತಿ ಸಾಮಾನು ಕಟ್ಟಿಕೊಂಡು ಹೋಗಬೇಕು, ಹಿಂದೆ ಕೂರುವವರಿದ್ದರೆ ಅವರನ್ನೂ ಕೂರಿಸಿಕೊಂಡು. ಇಳಿಜಾರಿನಲ್ಲಿ ಬ್ರೇಕಿಗಿಂತ ಗೇರನ್ನು ನೆಚ್ಚುವುದು ಕಾಲಿಗೆ ರೂಢಿಯಾಗಲಿ.

6. ದುಡ್ಡು

ಭಾರತದ 100 ರೂಪಾಯಿ ಅಲ್ಲಿಯ 160. 2018ರ ಡಿಸೆಂಬರಿನಲ್ಲಿ ನೇಪಾಳ ನಮ್ಮ 100ಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿತು. ಈ ನಿಯಮ ಮತ್ತೆ ಬದಲಾಗುವಂಥದ್ದು, ಹೊರಡುವ ವಾರ ವಿಚಾರಿಸಿ. ನೂರರ ನೋಟಿಗೆ ಮಾತ್ರ ಯಾವತ್ತೂ ತಕರಾರಿಲ್ಲ. 2024ರಿಂದ ಯುಪಿಐ ಕೂಡ ಫೋನ್‌ಪೇ ಎಂಬ ಅಲ್ಲಿನ ಜಾಲದ ಮೂಲಕ ನಡೆಯುತ್ತದೆ (ನಮ್ಮ ಫೋನ್‌ಪೇ ಅಲ್ಲ), ಆದರೆ ಬೆಟ್ಟದ ಚಹಾದಂಗಡಿಯಲ್ಲಿ ನಗದೇ ಗತಿ.

7. ರಸ್ತೆಯ ಸುದ್ದಿಗೆ ಆ ನಾಡಿನವರನ್ನೇ ಕೇಳಿ

ನಮ್ಮ ಸೊಸೈಟಿಯ ರಾತ್ರಿ ವಾಚ್‌ಮನ್ ಬಾಗಲುಂಗ್ ಕಡೆಯವನು. ನಕ್ಷೆ ಹರಡಿಕೊಂಡು ಕೂತಿದ್ದಾಗ ಬಂದು, ಮುಕ್ತಿನಾಥದ ದಾರಿಯಲ್ಲಿ ಬೇನಿಯಿಂದ ಜೋಮ್‌ಸೋಮ್‌ವರೆಗೆ ಬೆರಳೆಳೆದು ಹೇಳಿದ: ‘ಸಾಹೇಬ್, ಇಲ್ಲಿ ಹನ್ನೊಂದರ ಒಳಗೆ ದಾಟಿ. ಆಮೇಲೆ ಗಾಳಿ ನಿಮ್ಮನ್ನು ದಾಟಿಸಲ್ಲ.’ ಕಾಳಿಗಂಡಕಿ ಕಣಿವೆಯಲ್ಲಿ ಬೆಳಿಗ್ಗೆ ಹೊಳೆ ಸುಮ್ಮನಿರುತ್ತದೆ. ಮಧ್ಯಾಹ್ನವಾದಂತೆ ಕೆಳಗಿನಿಂದ ಗಾಳಿ ಎದ್ದು ಮರಳು ಹೆಲ್ಮೆಟ್ಟಿನ ಗಾಜಿಗೆ ಬಡಿಯುತ್ತದೆ, ಪೆಟ್ಟಿಗೆ ಕಟ್ಟಿದ ಬೈಕು ಒಂದು ಮಗ್ಗುಲಿಗೆ ವಾಲುತ್ತದೆ. ಸ್ಟ್ಯಾಂಡು ಹಾಕಿದ ಗಾಡಿಯನ್ನೂ ಗಾಳಿಗೆ ಮುಖಮಾಡಿ ನಿಲ್ಲಿಸಬೇಕು. ಯಾವ ಕೈಪಿಡಿಯೂ ಇದನ್ನು ಅವನಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಳೆಗಾಲದ ಮಾತೇ ಬೇಡ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್‌ನಲ್ಲಿ ಗುಡ್ಡ ಜಾರಿ, 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಅದೇ ವರ್ಷ ಸೆಪ್ಟೆಂಬರಿನ ಕೊನೆಗೂ ಕಾಠ್ಮಂಡು ಕಣಿವೆ ಮುಳುಗಿತ್ತು. ಬುಟ್ವಲ್ ದಾಟಿದ ಕೂಡಲೇ ಸಿಗುವ ಸಿದ್ಧಬಾಬಾ ಭಾಗದಲ್ಲಿ ಕಲ್ಲುದುರುವುದು ಹೊಸತಲ್ಲ, ಅಲ್ಲಿ ಫೋಟೋಗೆ ನಿಲ್ಲಬೇಡಿ.

ಪೋಖರಾ ಸುಮಾರು 800 ಮೀಟರ್ ಎತ್ತರದಲ್ಲಿದೆ, ಮುಕ್ತಿನಾಥ 3,700ರ ಮೇಲೆ. ಒಂದೇ ಓಟಕ್ಕೆ ಹತ್ತಿದರೆ ತಲೆನೋವು, ವಾಕರಿಕೆ ಬರಬಹುದು. ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ಮಲಗಿ ಮರುದಿನ ಏರಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ಪೋಖರಾದಲ್ಲೇ ಮಾಡಿಸಿ, ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಕಾಠ್ಮಂಡುವಿಗೆ ಹೋಗುವವರು ಚರ್ಮದ ಜಾಕೆಟ್ಟು, ಬೂಟು, ಬೆಲ್ಟನ್ನು ಪಶುಪತಿನಾಥದ ಹೊರಗೇ ಬಿಡಬೇಕು. ಗರ್ಭಗುಡಿಯ ಪೂಜೆ ಬಹುಕಾಲದಿಂದ ಕರ್ನಾಟಕ ಮೂಲದ ಭಟ್ಟರದ್ದು. 2009ರಲ್ಲಿ ಅವರನ್ನು ತೆಗೆಯಲು ಹೋಗಿ ಅಲ್ಲಿನ ಸರ್ಕಾರ ಹಿಂದೆ ಸರಿಯಬೇಕಾಯಿತು.

8. ಬಾಟಲಿಯ ಆಸೆ ಗಡಿಯಾಚೆಯೇ ಬಿಡಿ

ನೇಪಾಳದಲ್ಲಿ ಅಂಗಡಿ ಅಂಗಡಿಗೂ ಬಿಯರು. ಆದರೆ ಕುಡಿದು ಓಡಿಸುವವರನ್ನು ಅಲ್ಲಿನ ಟ್ರಾಫಿಕ್ ಪೊಲೀಸರು ಬಿಡುವುದಿಲ್ಲ. ಗೆಳೆಯರಿಗೆಂದು ಚೀಲದಲ್ಲಿ ತಂದರೆ ಸಿಕ್ಕಿಬೀಳುವುದು ಸುನೌಲಿಯಲ್ಲಿ ಅಲ್ಲ, 1,300 ಕಿ.ಮೀ.ಗೂ ಹೆಚ್ಚು ಈಚೆ ರತನ್‌ಪುರ–ಶಾಮಳಾಜಿ ಗಡಿಯಲ್ಲಿ. ಪಾನನಿಷೇಧದ ರಾಜ್ಯಕ್ಕೆ ಮರಳುತ್ತಿದ್ದೀರಿ. ಹೋಗುವಾಗ ಥೇಪ್ಲಾ, ಖಾಖರಾ ತುಂಬಿದ ಜಾಗದಲ್ಲಿ ಬರುವಾಗ ಮಾರ್ಫಾದ ಒಣ ಸೇಬು ತನ್ನಿ.

9. ವಾಪಸಾತಿಗೆ ರೈಲಿದೆ, ಛಠ್ ನೋಡಿಕೊಂಡು

ಅಹಮದಾಬಾದ್–ಗೋರಖ್‌ಪುರ ನಡುವೆ ನೇರ ರೈಲಿದೆ, ಪಾರ್ಸೆಲ್‌ನಲ್ಲಿ ಬೈಕು ಹಾಕಬಹುದು. ದೀಪಾವಳಿಗೆ ಮೊದಲು ಸೂರತ್, ಉಧನಾ ನಿಲ್ದಾಣಗಳಿಂದ ಉತ್ತರ ಪ್ರದೇಶ, ಬಿಹಾರದ ಕಡೆ ಹೋಗುವ ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆ ಕಡೆಯವರ ಛಠ್ ಹಬ್ಬ ಮುಗಿದ ಮೇಲೆ ಅದೇ ಜನಸಾಗರ ಇತ್ತ ತಿರುಗುತ್ತದೆ. ನಡುವಿನ ದಿನಗಳನ್ನು ಹಿಡಿಯಿರಿ, ಪಾರ್ಸೆಲ್ ಕಚೇರಿಗೆ ಒಂದು ದಿನ ಮೊದಲೇ ಹೋಗಿ. ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಗೋಣಿ ಸುತ್ತುವ ಕೂಲಿಯವರು ಅಲ್ಲೇ ಸಿಗುತ್ತಾರೆ. ಹೆಡ್‌ಲೈಟು, ಕನ್ನಡಿ, ಇಂಡಿಕೇಟರುಗಳಿಗೆ ಮಾತ್ರ ಹಳೇ ಬಟ್ಟೆಯನ್ನು ನೀವೇ ನಿಂತು ಕಟ್ಟಿಸಿ. ಟ್ಯಾಂಕಿನಲ್ಲಿ ತೊಟ್ಟು ಪೆಟ್ರೋಲೂ ಇರಬಾರದು. ಹಾಗಾಗಿ ಸುನೌಲಿಯಿಂದ ಬರುವಾಗ ಗೋರಖ್‌ಪುರ ಮುಟ್ಟುವಷ್ಟೇ ಹಾಕಿಸಿ.